ಕಲ್ಲಿನ ಮುಂದೆ ನಿಂತವರ ಪ್ರಶ್ನೆ: ನಗರಪರಂಪರೆಯ ಕೈಪಿಡಿಗಳು ಮತ್ತು ಅವುಗಳ ಪರೀಕ್ಷೆ

ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಒಂಬತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿ ತಾಲ್ಲೂಕುವಾರು ಕ್ರಮಸಂಖ್ಯೆಯೊಡನೆ ಅಚ್ಚಾಗಿವೆ. ಶಾಸನದ ಪಾಠದೊಡನೆ ಅದು ಇರುವ ಸ್ಥಳದ ಸೂಚನೆಯೂ ಇದೆ: ಇಂಥ ಗ್ರಾಮದ ಗುಡಿಯ ಮುಂದೆ, ಕೆರೆಯ ಏರಿಯ ಬಳಿ, ಊರ ಹೊರಗಿನ ಹೊಲದಲ್ಲಿ ಎಂಬ ಬಗೆಯ ಸರಳವಾದ ಒಂದು ಸಾಲು. ಶಾಸನದ ಪಾಠವನ್ನು ವಿದ್ವಾಂಸರು ನೂರಾರು ಬಾರಿ ಉಲ್ಲೇಖಿಸಿದ್ದಾರೆ. ಈ ಸ್ಥಳಸೂಚನೆಯ ಕಡೆಗೆ ಗಮನ ಹರಿಸಿದವರು ಕಡಿಮೆ.

ಆ ಸೂಚನೆಗಳು ಬರೆದ ಕಾಲಕ್ಕೆ ಸಾಕಾಗಿದ್ದವು. ಊರಿನ ಯಾರನ್ನು ಕೇಳಿದರೂ ಕೆರೆಯನ್ನೂ ಗುಡಿಯನ್ನೂ ತೋರಿಸಬಲ್ಲವರಾಗಿದ್ದರು. ಅನಂತರ ನಗರ ಬೆಳೆಯಿತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಬಸ್ ನಿಲ್ದಾಣ ಬಂದಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಸುತ್ತಲಿನ ಹಳ್ಳಿಗಳ ಹೊಲಗಳು ಬಡಾವಣೆಗಳಾದವು, ಗ್ರಾಮಗಳು ವಾರ್ಡುಗಳಾದವು. ಗುರುತು ಹೇಳುತ್ತಿದ್ದ ಕೆರೆ, ಹೊಲಗಳೇ ಮರೆಯಾದ ಮೇಲೆ ಅವುಗಳ ಬಳಿಯಿದ್ದ ಕಲ್ಲನ್ನು ಹುಡುಕುವುದು ಹೇಗೆ? ಪುಸ್ತಕದಲ್ಲಿ ಪಾಠ ಕ್ಷೇಮವಾಗಿದೆ. ನೆಲದ ಮೇಲಿನ ಕಲ್ಲು ಮಾತ್ರ ಚರಂಡಿಯ ಚಪ್ಪಡಿಯಾಗಿರಬಹುದು, ಯಾವುದೋ ಅಡಿಪಾಯದೊಳಗೆ ಸೇರಿರಬಹುದು, ಅಥವಾ ಬೀದಿಯ ಅಂಚಿನಲ್ಲಿ ಯಾರ ಗಮನಕ್ಕೂ ಬಾರದೆ ನಿಂತಿರಬಹುದು.

ಈ ಕೊರತೆಯನ್ನು ತುಂಬಲು ಇಂದು ಎಲ್ಲರ ಕೈಯಲ್ಲಿರುವ ಮೊಬೈಲ್ ಫೋನು ಒದಗಿದೆ. ನಗರದ ಪ್ರಾಚೀನ ತಾಣಗಳನ್ನು ನಕಾಶೆಯ ಮೇಲೆ ತೋರಿಸಿ, ಅವುಗಳ ಚರಿತ್ರೆಯನ್ನು ಹೇಳುವ ಆ್ಯಪ್‌ಗಳು ಜಗತ್ತಿನ ಅನೇಕ ನಗರಗಳಲ್ಲಿ ಬಂದಿವೆ. ಅವುಗಳನ್ನು ರೂಪಿಸುವವರು ಸಾಮಾನ್ಯವಾಗಿ ಎರಡು ಬಗೆಯ ತಜ್ಞರು: ಚರಿತ್ರೆಯನ್ನು ಬಲ್ಲವರು, ತಂತ್ರವನ್ನು ಬಲ್ಲವರು. ಇವರಿಬ್ಬರಿಗೂ ಗೊತ್ತಿಲ್ಲದ ಸಂಗತಿಯೊಂದಿದೆ. ಆ ತಾಣವನ್ನು ಎಂದೂ ನೋಡದ ವ್ಯಕ್ತಿ ಬಿಸಿಲಿನಲ್ಲಿ, ವಾಹನಗಳ ಸದ್ದಿನ ನಡುವೆ, ಫೋನನ್ನು ಹಿಡಿದು ನಿಂತಾಗ ಅವನ ಮನಸ್ಸಿನಲ್ಲಿ ಹುಟ್ಟುವ ಪ್ರಶ್ನೆ ಯಾವುದು? ಅದನ್ನು ಊಹಿಸಲು ಬರುವುದಿಲ್ಲ. ಅವನೊಡನೆ ನಡೆದು ನೋಡಬೇಕು. ಬಳಕೆದಾರರಿಂದ ಮಾಡಿಸುವ ಪರೀಕ್ಷೆ ಎಂದರೆ ಮೂಲತಃ ಇಷ್ಟೇ. ಈ ಪರೀಕ್ಷೆಗೂ ಒಂದು ಚರಿತ್ರೆಯಿದೆ.

ಬಟಾಣಿ ಕಾಳುಗಳ ಲೆಕ್ಕ

ಪ್ರವಾಸಿಗಳ ಕೈಪಿಡಿಗೆ ಆಧುನಿಕ ರೂಪ ಬಂದದ್ದು 19ನೆಯ ಶತಮಾನದ ಪೂರ್ವಾರ್ಧದಲ್ಲಿ. ಲಂಡನ್ನಿನ ಜಾನ್ ಮರ್ರೆ ಮತ್ತು ಜರ್ಮನಿಯ ಕೊಬ್ಲೆನ್ಸ್ ಪಟ್ಟಣದ ಕಾರ್ಲ್ ಬೆಡೆಕರ್ ಈ ಕ್ಷೇತ್ರದ ಇಬ್ಬರು ಪ್ರಮುಖ ಪ್ರಕಾಶಕರು. ಬೆಡೆಕರನನ್ನು ಕುರಿತು ಒಂದು ಕಥೆ ಪ್ರಸಿದ್ಧವಾಗಿದೆ. ಮಿಲಾನ್ ನಗರದ ಮಹಾ ಇಗರ್ಜಿಯ ಚಾವಣಿಗೆ ಹತ್ತುವಾಗ ಅವನು ಪ್ರತಿ 20 ಮೆಟ್ಟಿಲಿಗೊಮ್ಮೆ ಒಂದು ಬಟಾಣಿ ಕಾಳನ್ನು ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದನಂತೆ. ಇಳಿಯುವಾಗ ಅದೇ ಕ್ರಮವನ್ನು ಹಿಂದುಮುಂದಾಗಿಸಿ ಲೆಕ್ಕ ತಾಳೆ ನೋಡುತ್ತಿದ್ದನಂತೆ.

ಈ ಕಥೆಯಲ್ಲಿ ಹುರುಳಿದೆ. ಕೈಪಿಡಿಯ ಮಾತು ನೆಲದ ಮೇಲೆ ನಿಜವಾಗಬೇಕು, ಅದನ್ನು ಬರೆದವನೇ ನಡೆದು ಪರೀಕ್ಷಿಸಬೇಕು ಎಂಬ ಶ್ರದ್ಧೆ ಅದರಲ್ಲಿ ಕಾಣುತ್ತದೆ. ಆದರೆ ಒಂದು ಮಿತಿಯೂ ಇದೆ. ಮೆಟ್ಟಿಲು ಎಣಿಸಿದವನು ಗ್ರಂಥಕರ್ತ. ಮೆಟ್ಟಿಲು ಹತ್ತುವ ವೃದ್ಧರಿಗೆ ಆ ಸಂಖ್ಯೆ ಬೇಕೋ, ನಡುವೆ ಕುಳಿತುಕೊಳ್ಳಲು ಜಾಗವಿದೆಯೇ ಎಂಬ ಮಾಹಿತಿ ಬೇಕೋ ಎಂದು ಅವನು ಕೇಳಿದಂತೆ ಕಥೆ ಹೇಳುವುದಿಲ್ಲ. ಪರೀಕ್ಷೆಗೆ ಒಳಗಾದದ್ದು ಸಂಗತಿಯ ಸತ್ಯ, ಓದುಗನ ಅಗತ್ಯವಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ 1952ರಲ್ಲಿ ಕಿವಿಗೆ ಹಿಡಿಯುವ ರೇಡಿಯೋ ಗ್ರಾಹಕಗಳ ಮೂಲಕ ವಿವರಣೆ ಕೇಳಿಸುವ ವ್ಯವಸ್ಥೆ ಬಂದಿತು. ಪ್ರಸಾರ ಒಂದೇ ಆದುದರಿಂದ ಗುಂಪಿನ ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಚಿತ್ರವನ್ನು ನೋಡಬೇಕಾಗಿತ್ತು. ಪುಸ್ತಕಕ್ಕಿಂತ ಇದು ಒಂದು ಹೆಜ್ಜೆ ಮುಂದೆ, ಏಕೆಂದರೆ ಕಣ್ಣು ಅಕ್ಷರದಿಂದ ಬಿಡುಗಡೆ ಪಡೆದು ಕಲಾಕೃತಿಯ ಕಡೆಗೆ ಹೋಯಿತು. ಇನ್ನೊಂದು ಬಗೆಯಲ್ಲಿ ಹಿಂದೆಯೂ ಹೌದು, ಏಕೆಂದರೆ ನೋಡುವವನ ನಡಿಗೆ ಯಂತ್ರದ ಅಧೀನವಾಯಿತು. ಕೈಪಿಡಿ ಎಷ್ಟು ಹೇಳಬೇಕು, ನೋಡುವವನಿಗೆ ಎಷ್ಟು ಬಿಡಬೇಕು ಎಂಬ ಪ್ರಶ್ನೆ ಆಗಲೇ ಹುಟ್ಟಿಕೊಂಡಿತ್ತು.

ಬೆನ್ನ ಮೇಲಿನ ಯಂತ್ರ, ಕೈಯೊಳಗಿನ ಯಂತ್ರ

ನಡೆಯುವವನ ಸ್ಥಾನವನ್ನು ತಾನೇ ಅರಿತು ವಿವರಣೆ ನೀಡುವ ಕಂಪ್ಯೂಟರಿನ ಪ್ರಯೋಗಗಳು 1990ರ ದಶಕದಲ್ಲಿ ನಡೆದವು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಫೈನರ್ ಮತ್ತು ಸಂಗಡಿಗರು 1997ರಲ್ಲಿ 'ಟೂರಿಂಗ್ ಮೆಷಿನ್' ಎಂಬ ಸಾಧನವನ್ನು ರೂಪಿಸಿದರು. ಸುಮಾರು 18 ಕಿಲೋ ಭಾರದ ಸಲಕರಣೆ ಬೆನ್ನ ಮೇಲೆ, ಪಾರದರ್ಶಕ ಪರದೆ ಕಣ್ಣ ಮುಂದೆ. ಕಟ್ಟಡದ ಕಡೆ ನೋಡಿದರೆ ಅದರ ಹೆಸರು ಗಾಳಿಯಲ್ಲಿ ತೇಲಿದಂತೆ ಕಾಣುತ್ತಿತ್ತು. ಎರಡು ವರ್ಷಗಳ ಬಳಿಕ ಅದೇ ತಂಡ ಆ ಆವರಣದ 1968ರ ವಿದ್ಯಾರ್ಥಿ ಚಳವಳಿಯನ್ನೂ, ಅದಕ್ಕೂ ಹಿಂದೆ ಅಲ್ಲಿದ್ದ ಬ್ಲೂಮಿಂಗ್‌ಡೇಲ್ ಮಾನಸಿಕ ಚಿಕಿತ್ಸಾಲಯವನ್ನೂ ನಡೆದಾಡುವವರ ಕಣ್ಣಿಗೆ ತೋರಿಸಿತು. ಇಲ್ಲವಾದ ಕಟ್ಟಡ ಇದ್ದ ಜಾಗದಲ್ಲೇ ಮತ್ತೆ ಕಾಣಿಸಿಕೊಂಡದ್ದು ಚರಿತ್ರೆಯ ದೃಷ್ಟಿಯಿಂದ ಮಹತ್ವದ ಪ್ರಯೋಗ.

ಸಾಮಾನ್ಯ ಜನರನ್ನು ಒಳಗೊಂಡ ವಿಸ್ತೃತ ಪರೀಕ್ಷೆ ನಡೆದದ್ದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ಕೀತ್ ಚೆವರ್ಸ್ಟ್, ನೈಜೆಲ್ ಡೇವೀಸ್ ಮೊದಲಾದ ಸಂಶೋಧಕರು 'ಗೈಡ್' ಎಂಬ ವ್ಯವಸ್ಥೆಯನ್ನು ಕಟ್ಟಿದರು. ಅದರ ಫಲಿತಗಳು 2000ದಲ್ಲಿ ಪ್ರಕಟವಾದವು. ಕೈಯಲ್ಲಿ ಹಿಡಿಯುವ ಫಲಕದಂಥ ಕಂಪ್ಯೂಟರ್. ನಗರದ ಆಯ್ದ ಜಾಗಗಳಲ್ಲಿ ನಿಸ್ತಂತು ಸಂಪರ್ಕದ ಕೇಂದ್ರಗಳು. ಯಾವ ಕೇಂದ್ರದ ವ್ಯಾಪ್ತಿಯಲ್ಲಿ ಪ್ರವಾಸಿ ಇದ್ದಾನೆ ಎಂಬುದರಿಂದ ಅವನ ಸ್ಥಾನದ ನಿರ್ಣಯ. ಕಟ್ಟುವ ಮೊದಲು ಸಂಶೋಧಕರು ನಗರದ ಪ್ರವಾಸಿ ಮಾಹಿತಿ ಕೇಂದ್ರದ ಸಿಬ್ಬಂದಿಯನ್ನು ಮಾತನಾಡಿಸಿ, ಅಲ್ಲಿಗೆ ಬರುವವರು ಏನೇನು ಕೇಳುತ್ತಾರೆ ಎಂದು ಗಮನಿಸಿದ್ದರು. ಕಟ್ಟಿದ ಮೇಲೆ ನಾಲ್ಕು ವಾರಗಳ ಅವಧಿಯಲ್ಲಿ 60 ಮಂದಿ ಸಂದರ್ಶಕರ ಕೈಗೆ ಅದನ್ನು ಕೊಟ್ಟು, ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ನಡೆಯುವಂತೆ ಕೇಳಿ, ಕೊನೆಗೆ ಅವರ ಅಭಿಪ್ರಾಯ ಪಡೆದರು.

ಈ ಪ್ರಯೋಗದಿಂದ ತಿಳಿದುಬಂದ ಎರಡು ಸಂಗತಿಗಳು ಇಂದಿಗೂ ಬೆಲೆಯುಳ್ಳವು. ಮೊದಲನೆಯದು: ಹತ್ತಿರದ ತಾಣಗಳ ಪಟ್ಟಿಯನ್ನು ಕೊಡುವಾಗ ಆ ಹೊತ್ತಿಗೆ ಬಾಗಿಲು ಮುಚ್ಚಿದ ತಾಣಗಳನ್ನು ಯಂತ್ರವೇ ಬಿಟ್ಟುಬಿಡುವಂತೆ ಆರಂಭದಲ್ಲಿ ಮಾಡಲಾಗಿತ್ತು. ಮುಚ್ಚಿದ ಜಾಗವನ್ನು ತೋರಿಸಿ ಏನು ಫಲ ಎಂಬುದು ರಚಿಸಿದವರ ತರ್ಕ. ಬಳಸಿದವರಿಗೆ ಇದು ಹಿಡಿಸಲಿಲ್ಲ. ಒಳಗೆ ಹೋಗಲಾಗದಿದ್ದರೂ ಹೊರಗಿನಿಂದ ನೋಡುವ ಆಸೆ ಅವರಿಗಿತ್ತು. ಏನನ್ನು ನೋಡಬೇಕು, ಏನನ್ನು ಬಿಡಬೇಕು ಎಂಬ ನಿರ್ಣಯವನ್ನು ಯಂತ್ರ ತಮ್ಮ ಕೈಯಿಂದ ಕಿತ್ತುಕೊಂಡಿತೆಂದು ಅವರಿಗೆ ಅನಿಸಿತು.

ಎರಡನೆಯದು: ಸಂಪರ್ಕ ತಪ್ಪಿದ ಜಾಗದಲ್ಲಿ ಪ್ರವಾಸಿ ಎಲ್ಲಿದ್ದಾನೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಆಗ ಅದು ಸುತ್ತಲಿನ ಹೆಗ್ಗುರುತುಗಳ ಸಣ್ಣ ಚಿತ್ರಗಳನ್ನು ತೋರಿಸಿ, ಇವುಗಳಲ್ಲಿ ಯಾವುದು ಕಾಣುತ್ತಿದೆ ಎಂದು ಅವನನ್ನೇ ಕೇಳುತ್ತಿತ್ತು. ಯಂತ್ರ ಸೋತ ಜಾಗದಲ್ಲಿ ಮನುಷ್ಯನ ಕಣ್ಣು ಅದಕ್ಕೆ ನೆರವಾಯಿತು. ಗುಡಿಯ ಮುಂದೆ, ಏರಿಯ ಬಳಿ ಎಂದು ಬರೆದ ಹಳೆಯ ಶಾಸನಸಂಪುಟಗಳ ಕ್ರಮವೂ ಇದೇ. ಅತ್ಯಾಧುನಿಕ ಸಾಧನವು ಪರೀಕ್ಷೆಯ ನೆಲದಲ್ಲಿ ಅತ್ಯಂತ ಹಳೆಯ ವಿಧಾನಕ್ಕೆ ಮರಳಿತು.

ಕ್ಯಾಲಿಫೋರ್ನಿಯಾದ ಫಿಲೋಲಿ ಎಂಬ ಐತಿಹಾಸಿಕ ಮನೆಯಲ್ಲಿ ಕ್ಸೆರಾಕ್ಸ್ ಸಂಸ್ಥೆಯ ಸಂಶೋಧಕರು ಸುಮಾರು ಇದೇ ಕಾಲದಲ್ಲಿ ನಡೆಸಿದ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು. ಅಲ್ಲಿಗೆ ಬರುವವರು ಹೆಚ್ಚಾಗಿ ಒಬ್ಬರೇ ಬರುತ್ತಿರಲಿಲ್ಲ. ಗೆಳೆಯರೊಡನೆ, ಮನೆಯವರೊಡನೆ ಬರುತ್ತಿದ್ದರು. ಅವರ ಗಮನ ಮೂರು ಕಡೆ ಹಂಚಿಹೋಗುತ್ತಿತ್ತು: ಕೈಯಲ್ಲಿನ ಸಾಧನ, ಎದುರಿನ ಮನೆ, ಪಕ್ಕದ ಸಂಗಾತಿ. ಹೀಗಾಗಿ ಒಬ್ಬರು ಕೇಳುವ ವಿವರಣೆಯನ್ನು ಜೊತೆಗಿರುವವರೂ ಕೇಳಿಸಿಕೊಳ್ಳಬಹುದಾದ ವ್ಯವಸ್ಥೆಯನ್ನು ಸಂಶೋಧಕರು ಮಾಡಿದರು. ಪರಂಪರೆಯ ತಾಣವನ್ನು ನೋಡುವುದು ಮಾತುಕತೆಯೊಡನೆ ನಡೆಯುವ ಕೆಲಸ. ಅದನ್ನು ಮೌನವಾಗಿಸುವ ಸಾಧನ ಎಷ್ಟೇ ವಿದ್ವತ್ಪೂರ್ಣವಾದರೂ ಅರ್ಧ ಸೋತಂತೆ.

ಐದು ಮೀಟರಿನ ಅಂತರ

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರವು ಜಿಪಿಎಸ್ ಸಂಕೇತದಲ್ಲಿ ನಾಗರಿಕರ ಬಳಕೆಗೆ ಬುದ್ಧಿಪೂರ್ವಕವಾಗಿ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಸ್ಥಾನನಿರ್ಣಯ ಬಹಳ ಮಟ್ಟಿಗೆ ನಿಖರವಾಯಿತು. ಇಂದಿನ ಫೋನು ಬಯಲಿನಲ್ಲಿ ಸುಮಾರು ಐದು ಮೀಟರಿನ ಅಂತರದೊಳಗೆ ಸ್ಥಾನವನ್ನು ತಿಳಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಇದು ಇನ್ನೂ ತಪ್ಪುತ್ತದೆ. 2010ರಲ್ಲಿ ಲಂಡನ್ ವಸ್ತುಸಂಗ್ರಹಾಲಯವು 'ಸ್ಟ್ರೀಟ್‌ಮ್ಯೂಸಿಯಂ' ಎಂಬ ಆ್ಯಪ್ ಹೊರತಂದು, ಬೀದಿಯಲ್ಲಿ ಫೋನು ಹಿಡಿದವರಿಗೆ ಅದೇ ಬೀದಿಯ ಹಳೆಯ ಛಾಯಾಚಿತ್ರಗಳನ್ನು ಇಂದಿನ ದೃಶ್ಯದ ಮೇಲೆಯೇ ತೋರಿಸಿತು. ಕೊಲಂಬಿಯಾದಲ್ಲಿ ಬೆನ್ನ ಮೇಲೆ ಹೊತ್ತ ಭಾರ 13 ವರ್ಷಗಳಲ್ಲಿ ಅಂಗೈಗೆ ಇಳಿದಿತ್ತು.

ಇದೇ ಅವಧಿಯಲ್ಲಿ ಪರೀಕ್ಷೆಯ ವಿಧಾನಗಳೂ ಸ್ಥಿರವಾದವು. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ 10 ಹೇಳಿಕೆಗಳ ಪ್ರಶ್ನಾವಳಿಯಿಂದ ಯಾವುದೇ ಸಾಧನದ ಬಳಕೆಯ ಸೌಲಭ್ಯಕ್ಕೆ ನೂರರ ಮಾನದಲ್ಲಿ ಅಂಕ ಕೊಡುವ ಪದ್ಧತಿ ಬಂದಿತು. ಐದು ಮಂದಿಯಿಂದ ಪರೀಕ್ಷಿಸಿದರೆ ಸುಮಾರು ಶೇ. 85ರಷ್ಟು ದೋಷಗಳು ಹೊರಬೀಳುತ್ತವೆ ಎಂಬ ಜೇಕಬ್ ನೀಲ್ಸನ್ನರ ಮಾತು ಬಹಳ ಪ್ರಚಾರ ಪಡೆಯಿತು. ಆದರೆ ಆ ಐದು ಮಂದಿ ಒಂದೇ ಬಗೆಯ ಬಳಕೆದಾರರಾಗಿರಬೇಕು ಎಂಬುದು ಅದರೊಳಗಿನ ನಿಯಮ. ಪರಂಪರೆಯ ವಿಷಯದಲ್ಲಿ ಇದು ನಿರ್ಣಾಯಕ. ಶಾಸನ ಓದಬಲ್ಲ ವಿದ್ಯಾರ್ಥಿ, ರಜೆಯ ದಿನ ಮಕ್ಕಳನ್ನು ಕರೆತಂದ ತಾಯಿ, ಹೊರ ರಾಜ್ಯದಿಂದ ಬಂದ ಪ್ರವಾಸಿ, ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಅಂಗಡಿಯವರು: ಇವರು ನಾಲ್ಕು ಬೇರೆ ಬಗೆಯವರು. ಒಬ್ಬರ ಪರೀಕ್ಷೆ ಇನ್ನೊಬ್ಬರದಕ್ಕೆ ಬದಲಾಗದು.

ಬೇಗೂರಿನ ನಿದರ್ಶನ

ಈ ಎಲ್ಲ ಅನುಭವವನ್ನು ಬೆಂಗಳೂರಿಗೆ ಅನ್ವಯಿಸಿ ನೋಡಲು ಬೇಗೂರಿಗಿಂತ ಉತ್ತಮವಾದ ಊರಿಲ್ಲ. ಗಂಗರ ಕಾಲದ ಈ ಪ್ರಾಚೀನ ಗ್ರಾಮ ಈಗ ನಗರದೊಳಗೆ ಸೇರಿದೆ. ಇಲ್ಲಿನ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ. ಶ. 890ರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ನಗರದ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಗಳಷ್ಟು ಹಿಂದಿನದೆಂಬುದಕ್ಕೆ ಇದು ಕಲ್ಲಿನ ಸಾಕ್ಷ್ಯ. ಇದೇ ಊರಿನ ಇನ್ನೊಂದು ಮಹತ್ವದ ವೀರಗಲ್ಲು ಗಂಗರ ಎರೆಯಪ್ಪನ ಕಾಲದ್ದು. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನು ಮಡಿದದ್ದನ್ನು ಅದು ಸ್ಮರಿಸುತ್ತದೆ. ಆನೆಗಳೊಡನೆ ಕಿಕ್ಕಿರಿದ ಯುದ್ಧದೃಶ್ಯ ಅದರ ಮೇಲೆ ಕೆತ್ತಲ್ಪಟ್ಟಿದೆ. ಆ ಕಲ್ಲು ಈಗ ಬೇಗೂರಿನಲ್ಲಿಲ್ಲ, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದುದನ್ನು ತಿಳಿಸುವ ಶಾಸನವೂ ಈ ಊರಿನದೇ. ತಂದೆ ರಣರಂಗದಲ್ಲಿ, ಮಗಳು ವ್ರತದಲ್ಲಿ: ಮರಣವನ್ನು ಎದುರುಗೊಂಡ ಎರಡು ರೀತಿಗಳು ಒಂದೇ ಮನೆತನದ ಎರಡು ಕಲ್ಲುಗಳಲ್ಲಿ ದಾಖಲಾಗಿವೆ.

ಈಗ ಒಬ್ಬ ಸಾಮಾನ್ಯ ಸಂದರ್ಶಕ ಫೋನು ಹಿಡಿದು ಬೇಗೂರಿಗೆ ಬಂದನೆಂದು ಭಾವಿಸಬೇಕು. ಒಂದೇ ಆವರಣದಲ್ಲಿ ಹಲವು ಕಲ್ಲುಗಳು ಅಕ್ಕಪಕ್ಕದಲ್ಲಿ ನಿಂತಿದ್ದರೆ ಐದು ಮೀಟರಿನ ನಿಖರತೆಯಿಂದ ಪ್ರಯೋಜನವಿಲ್ಲ. ಯಾವ ಕಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ ಎಂದು ನಕಾಶೆಯ ಚುಕ್ಕೆ ಹೇಳಲಾರದು. ಅಲ್ಲಿ ಬೇಕಾದದ್ದು ಕಲ್ಲಿನ ಚಿತ್ರ ಮತ್ತು ಒಂದು ಸರಳ ವಾಕ್ಯ: ಎಡದಿಂದ ಎಷ್ಟನೆಯದು, ಎಷ್ಟು ಎತ್ತರ, ಮೇಲೆ ಯಾವ ಶಿಲ್ಪ. ಅಕ್ಷರಗಳು ಮಾಸಿರುವುದರಿಂದ ಆ ಪದ ಯಾವ ಸಾಲಿನಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ವಸ್ತುಸಂಗ್ರಹಾಲಯಕ್ಕೆ ಹೋದ ಕಲ್ಲು ಇದ್ದ ಊರಿನಲ್ಲಿ ಅದರ ಗೈರುಹಾಜರಿಯನ್ನೂ ತಿಳಿಸಬೇಕು. ಲ್ಯಾಂಕಾಸ್ಟರಿನ ಸಂದರ್ಶಕರು ಮುಚ್ಚಿದ ಬಾಗಿಲನ್ನೂ ನೋಡಬಯಸಿದಂತೆ, ಇಲ್ಲವಾದ ಕಲ್ಲಿನ ಜಾಗವನ್ನೂ ನೋಡಬಯಸುವವರು ಇರುತ್ತಾರೆ.

ಇನ್ನು ಹೆಸರುಗಳ ತೊಡಕು. ವಿದ್ವಾಂಸರು 'ನಿಷಿಧಿ' ಎಂದು ಬರೆಯುತ್ತಾರೆ. ಗ್ರಂಥಗಳಲ್ಲಿ 'ನಿಸಿಧಿ', 'ನಿಸಿದಿ' ಎಂಬ ರೂಪಗಳೂ ಇವೆ. 'ಬಸದಿ'ಯನ್ನು ಅನೇಕ ಊರುಗಳಲ್ಲಿ 'ಬಸ್ತಿ' ಎನ್ನುತ್ತಾರೆ. ಶಾಸನವೆಂಬ ಪದವನ್ನೇ ಬಳಸದೆ 'ಬರಹದ ಕಲ್ಲು' ಎಂದು ಕೇಳುವವರೂ ಇದ್ದಾರೆ. ವಿದ್ವಾಂಸರ ಪದವೊಂದನ್ನೇ ಒಪ್ಪಿಕೊಳ್ಳುವ ಆ್ಯಪ್‌ನಲ್ಲಿ ಹುಡುಕಿದವರಿಗೆ ಏನೂ ಸಿಕ್ಕದು. ಏನೂ ಸಿಕ್ಕದವರು ಅಲ್ಲಿ ಏನೂ ಇಲ್ಲವೆಂದೇ ತಿಳಿಯುತ್ತಾರೆ. ಪರೀಕ್ಷೆಯಲ್ಲಿ ಜನ ಟೈಪ್ ಮಾಡಿದ ಪದಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡರೆ ಈ ದೋಷ ಮೊದಲ ದಿನವೇ ಹೊರಬೀಳುತ್ತದೆ, ಜೊತೆಗೆ ಊರಮಾತಿನ ಒಂದು ಪದಕೋಶವೂ ಸಿದ್ಧವಾಗುತ್ತದೆ.

ಪರೀಕ್ಷೆಗೆ ಸ್ಥಳೀಯರನ್ನು ಸೇರಿಸಿಕೊಳ್ಳಬೇಕೆಂಬುದಕ್ಕೆ ಇನ್ನೂ ಗಂಭೀರವಾದ ಕಾರಣವಿದೆ. ಶಾಸನದ ಕಲ್ಲಿನ ಕೆಳಗೆ ನಿಧಿಯಿದೆ ಎಂಬ ಮೂಢನಂಬಿಕೆಯಿಂದ ಕರ್ನಾಟಕದಲ್ಲಿ ಎಷ್ಟೋ ಕಲ್ಲುಗಳನ್ನು ಅಗೆದು ಕೆಡವಲಾಗಿದೆ. ನಿರ್ಜನ ಜಾಗದಲ್ಲಿರುವ ಕಲ್ಲಿನ ನಿಖರ ಸ್ಥಾನವನ್ನು ಎಲ್ಲರಿಗೂ ತಿಳಿಸುವುದು ಹಿತವೋ ಅಹಿತವೋ ಎಂಬುದನ್ನು ಹೇಳಬಲ್ಲವರು ಆ ಊರಿನವರೇ. ಜನವಸತಿಯ ನಡುವಿನ ಕಲ್ಲಿಗೆ ಪ್ರಚಾರ ರಕ್ಷೆಯಾದರೆ, ಒಂಟಿಯಾಗಿ ನಿಂತ ಕಲ್ಲಿಗೆ ಅದೇ ಅಪಾಯವಾಗಬಹುದು.

ಕಲ್ಲನ್ನು ಉಳಿಸಿದ ಕಣ್ಣು

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಶಾಸನಗಳನ್ನು ಮತ್ತೆ ಹುಡುಕುವ ಕಾರ್ಯ ಉತ್ಸಾಹದಿಂದ ನಡೆದಿದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಸಂರಕ್ಷಿಸುವ ಯೋಜನೆಯನ್ನು ಕೈಗೊಂಡಿದೆ. ಕಲ್ಲು ನಾಳೆ ಒಡೆದರೂ ಅಕ್ಷರ ಉಳಿಯುತ್ತದೆ ಎಂಬ ಭರವಸೆ ಇದರಿಂದ ದೊರೆತಿದೆ. ಅಕ್ಷರ ಉಳಿಯುವುದು ಬಹುದೊಡ್ಡ ಲಾಭವೇ ಸರಿ. ಆದರೆ ಕಲ್ಲು ತನ್ನ ನೆಲದಲ್ಲಿ ಉಳಿಯುವುದು ಬೇರೆಯೇ ವಿಷಯ.

2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಹೊರಬಂದಿತು. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ. ಶ. 750ರ ವೇಳೆಗೆ, ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಬೆಂಗಳೂರಿನ ಅತಿ ಪ್ರಾಚೀನ ಕನ್ನಡ ಶಾಸನಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಅದು ಕೇವಲ ಹಳೆಯ ಚಪ್ಪಡಿಯಲ್ಲ ಎಂದು ಅರಿತವರು ಅಲ್ಲಿದ್ದುದರಿಂದ ಕಲ್ಲು ಉಳಿಯಿತು. ಆಸಕ್ತರೂ ಊರವರೂ ಸೇರಿ ಅದಕ್ಕೆ ಮಂಟಪದ ಆಶ್ರಯ ಒದಗಿಸಿದರು. ಸಾವಿರದ ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಒಬ್ಬ ಸಾಮಾನ್ಯ ವೀರನ ಹೆಸರು ಇಂದು ಆ ಬಡಾವಣೆಯ ಮಕ್ಕಳ ಬಾಯಲ್ಲಿ ಇರಲು ಸಾಧ್ಯವಾದದ್ದು, ಅಗೆಯುವ ಹೊತ್ತಿನಲ್ಲಿ ಕಲ್ಲಿನ ಮೇಲೆ ಬಿದ್ದ ಅರಿವುಳ್ಳ ಕಣ್ಣಿನಿಂದ.

ಪರಂಪರೆಯ ಆ್ಯಪ್‌ಗಳ ನಿಜವಾದ ಪರೀಕ್ಷೆ ಇಲ್ಲಿದೆ. ಗುಂಡಿ ಒತ್ತಲು ಎಷ್ಟು ಕ್ಷಣ ಹಿಡಿಯಿತು, ಪ್ರಶ್ನಾವಳಿಯಲ್ಲಿ ನೂರಕ್ಕೆ ಎಷ್ಟು ಅಂಕ ಬಂದಿತು ಎಂಬುವು ಅಗತ್ಯವಾದ ಲೆಕ್ಕಗಳೇ. ಬೆಡೆಕರನ ಬಟಾಣಿಗಳಂತೆ ಅವು ಶ್ರದ್ಧೆಯ ಗುರುತು. ಆದರೆ ಅವುಗಳ ಆಚೆಗೆ ಇನ್ನೆರಡು ಪ್ರಶ್ನೆಗಳಿವೆ. ಸಾಧನವನ್ನು ಬಳಸಿದವರ ದೃಷ್ಟಿ ಕೊನೆಗೆ ಪರದೆಯಿಂದ ಎದ್ದು ಕಲ್ಲಿನ ಮೇಲೆ ನಿಂತಿತೇ? ಮನೆಗೆ ಮರಳಿದ ಮೇಲೆ ತಮ್ಮ ಬೀದಿಯಲ್ಲಿ ಅಂಥದೇ ಒಂದು ಕಲ್ಲು ಕಂಡರೆ ಅದನ್ನು ಗುರುತಿಸಿ, ಅಗೆಯುವ ಕೈಯನ್ನು ಒಂದು ಕ್ಷಣ ತಡೆಯಬಲ್ಲರೇ? ರೈಸ್ ಅವರ ಸಂಪುಟದ ಸ್ಥಳಸೂಚನೆಗಳು ನಿಜವಾಗಿ ನಂಬಿದ್ದು ಕೆರೆಯನ್ನೂ ಹೊಲವನ್ನೂ ಅಲ್ಲ, ಅವನ್ನು ಬಲ್ಲ ಊರಿನವರನ್ನು. ಕೆರೆಗಳು ಹೋದರೂ ಊರಿನವರು ಇದ್ದಾರೆ. ಅವರಲ್ಲಿ ಆ ಅರಿವನ್ನು ಮತ್ತೆ ಮೂಡಿಸಿದ ಕೈಪಿಡಿ, ಅದು ಕಾಗದದ್ದಾಗಲಿ ಫೋನಿನದಾಗಲಿ, ಪರೀಕ್ಷೆಯಲ್ಲಿ ಗೆದ್ದಂತೆ.